ಮೇಣ, ಕಾಚು, ಹಳೇ ಕ್ಷೌರದ ಕತ್ತಿ

ನಿಮ್ಮ ಮಗನ ಮೂಗಿನ ಆಪರೇಷನ್ ಸುಸೂತ್ರವಾಗಿ ಆಯ್ತಂತಲ್ಲ ವಿಶಾಲಮ್ಮ, ಸದ್ಯ! ಡೊಂಕು ಮೂಳೆ ಸರಿಮಾಡಿ ಮಾರನೇ ದಿನವೇ ಮನೆಗೆ ಕಳಿಸಿದ್ರು ಅಂದ್ರಲ್ಲ, ನಂಗೆ ಆ ಕೌವಾಸ್‌ಜಿ ಕಥೆ ನೆನಪಾಯ್ತು. ಬಟ್ಟೆ ನೆನೀತಾ ಇರ್ಲಿ, ಒಂದ್ನಿಮಿಷ ಕೇಳಿ.

1792ರಲ್ಲಿ ಟಿಪ್ಪುವಿಗೂ ಇಂಗ್ಲಿಷರಿಗೂ ಯುದ್ಧ ಆಯ್ತಲ್ಲ, ಇವನು ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯೋನು. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಮೂಗೂ ಹೋಯ್ತು, ಒಂದು ಕೈಯೂ ಹೋಯ್ತು. ವರ್ಷದ ಮೇಲೆ ಪುಣೆ ಹತ್ತಿರ ಇಟ್ಟಿಗೆ ಮಾಡೋ ಕುಲದವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ.

ಯಾವುದರಲ್ಲಿ ಅಂತೀರಿ? ಹಳೇ ಕ್ಷೌರದ ಕತ್ತಿಯಲ್ಲಿ! ಚರ್ಮ ಬಿಡಿಸ್ತಾ ಬಿಡಿಸ್ತಾ ಅದು ಮೊಂಡಾಗೋದು, ಗಳಿಗೆಗೊಮ್ಮೆ ಮಸೀಬೇಕು. ಆದ್ರೆ ನನ್ನ ಕೇಳಿದ್ರೆ, ಅವನ ದೊಡ್ಡ ಸಲಕರಣೆ ಕತ್ತಿ ಅಲ್ಲ, ಮೇಣ. ತೆಳ್ಳಗೆ ತಟ್ಟಿದ ಮೇಣದ ಹಾಳೆಯಲ್ಲಿ ಮೊದಲು ಮೂಗು ಮಾಡಿ ಮುಖದ ಮೇಲಿಟ್ಟು ನೋಡೋದು. ಅಂದವಾಗಿ ಕೂತರೆ ಅದನ್ನ ಚಪ್ಪಟೆ ಮಾಡಿ, ಹಣೆ ಮೇಲಿಟ್ಟು ಸುತ್ತ ಗೆರೆ ಎಳೆಯೋದು. ಅಷ್ಟೇ ಚರ್ಮ ಬಿಡಿಸಿ, ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸೋದು. ಹುಬ್ಬುಗಳ ನಡುವೆ ಮಾತ್ರ ಸಣ್ಣ ಪಟ್ಟಿಯನ್ನ ಕತ್ತರಿಸದೇ ಬಿಡ್ತಿದ್ದ. ರಕ್ತ ಹರೀಬೇಕಲ್ಲ, ಇಲ್ದಿದ್ರೆ ಹೊಸ ಮೂಗು ಸತ್ತೇಹೋಗುತ್ತೆ. ಸುಮಾರು ಇಪ್ಪತ್ತೈದನೇ ದಿನ ಆ ಪಟ್ಟಿ ಕತ್ತರಿಸ್ತಿದ್ದರಂತೆ. ಹೊಲಿಗೆಯೇ ಇಲ್ಲ! ನಾವು ಎಲೆಅಡಿಕೆಗೆ ಹಾಕೋ ಕಾಚನ್ನ ನೀರಲ್ಲಿ ಕಲಸಿ, ಬಟ್ಟೆ ಚೂರುಗಳಿಗೆ ಬಳಿದು, ಐದಾರು ಪದರ ಅಂಟಿಸೋದು. ನಾಲ್ಕು ದಿನದ ಮೇಲೆ ತುಪ್ಪದ ಬಟ್ಟೆ. ಹತ್ತನೇ ದಿನ ಹೊಳ್ಳೆ ಮುಚ್ಚಿಹೋಗದ ಹಾಗೆ ಮೆತ್ತನೆ ಬಟ್ಟೆ ತುರುಕೋದು.

ನೋವು ಹೇಗೆ ತಡ್ಕೊಂಡ ಅಂತ ಕೇಳ್ತೀರಾ? ತಡ್ಕೊಂಡ, ಅಷ್ಟೆ. ಈಥರ್ ಕೊಟ್ಟು ಆಪರೇಷನ್ ಮಾಡೋದು ಜನರಿಗೆ ಗೊತ್ತಾಗಿದ್ದೇ 1846ರಲ್ಲಿ.

ಸುಶ್ರುತ ಸಂಹಿತೆಯಲ್ಲೂ ಮೂಗು ಕಟ್ಟೋದು ಇದೆ. ಅಲ್ಲಿ ಚರ್ಮ ಕೆನ್ನೆಯದು, ಹೊಳ್ಳೆಗೆ ಹರಳು ಗಿಡದ ಕೊಳವೆ. ಪುಣೆಯ ಸುದ್ದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಚಿತ್ರದ ಸಮೇತ ಬಂತು. ಅದನ್ನ ನೋಡೇ ಜೋಸೆಫ್ ಕಾರ್ಪ್ಯೂ ಅನ್ನೋ ಡಾಕ್ಟರು 1814ರಲ್ಲಿ ಲಂಡನ್ನಿನಲ್ಲಿ ಹಣೆಯ ಚರ್ಮ ಇಳಿಸಿ ಮೂಗು ಕಟ್ಟಿದರು.

ನಂಗೆ ಹೊಟ್ಟೆ ಉರಿಯೋದು ಇದಕ್ಕೇ ವಿಶಾಲಮ್ಮ. ಪತ್ರಿಕೆಯಲ್ಲಿ ಕೌವಾಸ್‌ಜಿ ಹೆಸರಿದೆ, ನಿಂತು ನೋಡಿದ ಇಬ್ಬರು ಇಂಗ್ಲಿಷ್ ಡಾಕ್ಟರುಗಳ ಹೆಸರಿದೆ. ಮೂಗು ಕಟ್ಟಿದವನ ಕುಲ ಬರೆದವರು ಅವನ ಹೆಸರು ಬರೀಲಿಲ್ಲ ನೋಡಿ!