ಮೂರನೇ ಕ್ಲಾಸಿಗೆ ಕೋಡಿಂಗ್ ತರುವ ಮಹನೀಯರಿಗೆ

ಬಸ್ತಿಹಳ್ಳಿಯಿಂದ



ಮೊಮ್ಮಗಳ ವ್ಯಾಸಂಗ ಪ್ರಮಾಣ ಪತ್ರಕ್ಕೆಂದು ಹೋಗಿ, ಊಟದ ಬೆಲ್ ಹೊಡೆಯುವ ತನಕ ಶಾಲೆಯ ಜಗಲಿ ಮೇಲೆ ಕೂತು, ಬರಿಗೈಲಿ ಈಗಷ್ಟೇ ಬಂದಿದ್ದೇನೆ. ಯಾವ ಶಾಲೆ ಅಂತ ಕೇಳಬೇಡಿ. ಹೇಳಿದರೆ ನೋಟೀಸು ನಿಮಗೆ ಬರುವುದಿಲ್ಲ, ಪಾಪದ ಮೇಡಂಗೆ ಬರುತ್ತದೆ.

ಮೇಡಂ ಸುಮ್ಮನೆ ಕೂತಿರಲಿಲ್ಲ. ಸಿಗ್ನಲ್ ಹುಡುಕುತ್ತಾ ಕಿಟಕಿಗೂ ಬಾಗಿಲಿಗೂ ಓಡಾಡುತ್ತಾ, ನಿನ್ನೆ ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು ಅಂತ ಮೊಬೈಲಿಗೆ ತುಂಬುತ್ತಿದ್ದರು. ಪರದೆ ಮೇಲೆ ಚಕ್ರ ತಿರುಗುತ್ತಿತ್ತು. “ಸರ್ವರ್ ಬ್ಯುಸಿ ಯಜಮಾನ್ರೇ, ಸ್ವಲ್ಪ ಕೂತ್ಕೊಳಿ.”

ಕೂತೆ. 2026-27ರಿಂದ 3ನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆ, ಗಣಕ ಚಿಂತನೆ ಕಲಿಸುತ್ತೇವೆ ಅಂತ ದೆಹಲಿಯ ಶಿಕ್ಷಣ ಸಚಿವಾಲಯದಿಂದ ನೀವು 2025ರ ಅಕ್ಟೋಬರಿನಲ್ಲಿ ಹೇಳಿದ್ದು ನೆನಪಾಯಿತು. 2020ರ ಶಿಕ್ಷಣ ನೀತಿಯಲ್ಲಿ ಕೋಡಿಂಗ್ 6ನೇ ತರಗತಿಯ ಹೊತ್ತಿಗೆ ಅಂದಿದ್ದಿರಿ. ಐದು ವರ್ಷಕ್ಕೆ ಮೂರು ಮೆಟ್ಟಿಲು ಇಳಿದಿದ್ದೀರಿ. ಇನ್ನೈದು ವರ್ಷಕ್ಕೆ ತೊಟ್ಟಿಲಿಗೇ ಬರುತ್ತೀರಿ.

ಪರದೆಯ ಚಕ್ರ ನೋಡುತ್ತಾ ನಮ್ಮೂರ ಪಾರ್ಶ್ವನಾಥ ಬಸದಿಯೂ ನೆನಪಾಯಿತು. ಅದು 1133ರದ್ದು, ಹೊಯ್ಸಳರ ದಂಡನಾಯಕ ಗಂಗರಾಜನ ಮಗ ಬೊಪ್ಪದೇವ ಕಟ್ಟಿಸಿದ್ದು. ಕಲ್ಲುಕಂಬಗಳನ್ನು ತಿರುಗಿಸಿ ತಿರುಗಿಸಿ ಮುಖ ಕಾಣುವಷ್ಟು ನುಣುಪು ಮಾಡಿದ್ದಾರೆ. ಆ ತಿರುಗುವುದಕ್ಕೆ ಒಂದು ಕೊನೆಯಿತ್ತು. ಮೇಡಂ ಫೋನಿನ ಚಕ್ರಕ್ಕಿಲ್ಲ.

ಒಳಗೆ ಒಬ್ಬಳು ಹುಡುಗಿ ಗೋಡೆಯ ಕಲಿಕಾ ಏಣಿ ಮೇಲೆ ಬೆರಳಿಟ್ಟು ತನ್ನ ಮೆಟ್ಟಿಲು ಹುಡುಕಿದಳು. ಆ ಮೆಟ್ಟಿಲಿನ ಮೇಲಿದ್ದ ಚಿತ್ರದ ಕಾರ್ಡನ್ನೇ ತಂದಳು. ಬರೆದಳು, ಅಳಿಸಿದಳು, ಪಕ್ಕದವನಿಗೆ ತೋರಿಸಿದಳು. ತಪ್ಪಂತೆ, ಮತ್ತೆ ಅದೇ ಕಾರ್ಡು. ದೊಡ್ಡ ಕೆಲಸವನ್ನು ಮೆಟ್ಟಿಲಾಗಿ ಒಡೆಯುವುದು, ತಪ್ಪು ಎಲ್ಲಿ ನುಸುಳಿತೆಂದು ಹಿಂದಕ್ಕೆ ಹೋಗಿ ಹಿಡಿಯುವುದು: ನೀವು ತರಲಿರುವುದು ಇದನ್ನೇ ತಾನೇ? ಎಚ್.ಡಿ. ಕೋಟೆಯಲ್ಲಿ 1995ರಲ್ಲೇ ಶುರುವಾದ ನಲಿ-ಕಲಿ ಇದು. ಕರೆಂಟು ಬೇಡ, ಓಟಿಪಿ ಬೇಡ. ಹತ್ತಿರ ಕೂತು “ಎಲ್ಲಿ ತಪ್ಪಿದೆ ನೋಡು” ಅನ್ನುವ ಒಬ್ಬರು ಬೇಕು, ಅಷ್ಟೇ. ಹುಡುಗಿ ಕಾರ್ಡು ಹಿಡಿದು ಮೇಡಂ ಹತ್ತಿರ ಬಂದಳು. ಮತ್ತೆ ಬಂದಳು. “ಇರು ಪುಟ್ಟಿ, ಓಟಿಪಿ ಬರಲಿ.” ಚಕ್ರ ತಿರುಗುತ್ತಿತ್ತು.

ಕೋಡಿಂಗ್ ಬೇಡ ಅಂದೆನೇ? ಬೇಕು. ಬೆಂಗಳೂರಿನ ಮಕ್ಕಳಿಗಿಂತ ನಮ್ಮ ಮಕ್ಕಳಿಗೇ ಹೆಚ್ಚು ಬೇಕು. ಕಲಿಸುವವರು ಯಾರು ಹೇಳಿ. ಮಕ್ಕಳ ಆಧಾರ್, ಅಪಾರ್ ಸಂಖ್ಯೆ, ಸ್ಯಾಟ್ಸ್, ಯುಡೈಸ್ ಪೋರ್ಟಲು, ಹಾಲು, ಮೊಟ್ಟೆ, ಶೂ ಲೆಕ್ಕ, ಎಲ್ಲ ತುಂಬುವವರು ಮೇಡಂ ಒಬ್ಬರೇ. ಅದೂ ಸ್ವಂತ ಫೋನಿನಲ್ಲಿ, ಸ್ವಂತ ರೀಚಾರ್ಜಿನಲ್ಲಿ. ಪಾಠ ಮಾಡಲು ಬಂದವರನ್ನು ಗುಮಾಸ್ತೆ ಮಾಡಿ ಕೂರಿಸಿದ್ದೀರಿ. ಒಂದೇ ಮಗುವಿನ ಹೆಸರನ್ನು ಇಲ್ಲೊಮ್ಮೆ, ಅಲ್ಲೊಮ್ಮೆ, ಮತ್ತೆಲ್ಲೋ ಇನ್ನೊಮ್ಮೆ ತುಂಬಿಸುವ ನೀವು ಗಣಕ ಚಿಂತನೆ ಕಲಿಸುತ್ತೀರಾ? ನಾಚಿಕೆಯಾಗಬೇಕು. ಒಮ್ಮೆ ಮಾಡಿದ ಕೆಲಸವನ್ನು ಮತ್ತೆ ಮಾಡಿಸಬಾರದು ಅನ್ನುವುದು ಆ ಹುಡುಗಿಗೂ ಗೊತ್ತು. ಮೂರನೇ ಕ್ಲಾಸಿಗೆ ಮೊದಲು ನೀವು ಸೇರಿಕೊಳ್ಳಿ. ಸುತ್ತಲಿನ ನಾಲ್ಕು ಶಾಲೆಗೆ ಸೇರಿ ಒಬ್ಬ ಆಪರೇಟರನ್ನು ಕೊಡಿ, ಆಮೇಲೆ ಉಳಿದ ಮಾತು.

ಇನ್ನೊಂದು. ಕೋಡಿಂಗ್ ತರಬೇತಿ ಅಂತ ಮೇಡಂನ ಹಾಸನಕ್ಕೆ ಕರೆಸಿದರೆ ಅವತ್ತು ಇಲ್ಲಿ ಬೀಗ. ಕರೆಸಲೇಬೇಕೆಂದಿದ್ದರೆ ಬದಲಿಗೆ ನೀವೇ ಬಂದು ಮೂರೂ ಕ್ಲಾಸು ನೋಡಿಕೊಳ್ಳಿ. ಹಾಲಿನ ಪುಡಿ ಗಂಟಿಲ್ಲದೆ ಕಲಸುವುದನ್ನು ಅಡುಗೆಯಮ್ಮ ಹೇಳಿಕೊಡುತ್ತಾರೆ.

ಇತಿ,
ಜಗಲಿ ಮೇಲಿನ ಒಬ್ಬ ತಾತ