ಟಿ.ಎಸ್. ಅವರ ‘ನಾಳೆ ಬಾ’ ದಿನಗಳು

ಇಂಟೆಲ್ ಪ್ರೊಸೆಸರ್‌ನ ಸಿಆರ್ 0 ರಿಜಿಸ್ಟರು, 3ನೇ ನಂಬರಿನ ಮನೆ. ಬಾಗಿಲ ಮೇಲೆ ‘ಟಿ.ಎಸ್.’ ಎಂಬ ಬೋರ್ಡು. ಊರಿನ ಹೆಸರು, ಅಪ್ಪನ ಹೆಸರು ಸೇರಿದ ಇನಿಷಿಯಲ್ ಅಲ್ಲ ಅದು, ‘ಟಾಸ್ಕ್ ಸ್ವಿಚ್ಡ್’. ಒಳಗಿರುವುದು ಒಂದೇ ಒಂದು ಬಿಟ್. 1982ರಲ್ಲಿ 80286 ಚಿಪ್ಪಿನ ಜೊತೆ ಕೆಲಸಕ್ಕೆ ಸೇರಿದವರು, ಲಿನಕ್ಸ್ ಪಾಲಿಗೆ ಈಗ ನಿವೃತ್ತರು. ಸಂದರ್ಶಕ ಹೋದಾಗ ಸೊನ್ನೆಯಾಗಿ ಕೂತಿದ್ದರು.

“ನಿಮ್ಮ ಕೆಲಸ ಏನಿತ್ತು ಸಾರ್?”

“ನೋಡಿ ಸ್ವಾಮಿ, ಕೋರು ಅಂದ್ರೆ ಒಂದು ಮೇಜು. ಒಬ್ಬ ಪ್ರೋಗ್ರಾಮು ಏಳಬೇಕು, ಇನ್ನೊಬ್ಬ ಕೂರಬೇಕು. ಎದ್ದವನ ಅರ್ಧಂಬರ್ಧ ಲೆಕ್ಕವೆಲ್ಲ ರಿಜಿಸ್ಟರಿನಲ್ಲೇ ಇರುತ್ತೆ. ಕರ್ನಲ್ ಅದನ್ನ ಮೆಮೊರಿಗೆ ಎತ್ತಿಟ್ಟು ಹೊಸಬನದನ್ನ ತಂದು ಹರಡಬೇಕು. ಸಾಮಾನ್ಯ ರಿಜಿಸ್ಟರು ಹಗುರ, 64 ಬಿಟ್ಟಿನವು 16. ದಶಾಂಶದ ಲೆಕ್ಕದ್ದು ಮಾತ್ರ 512 ಬೈಟಿನ ಗಂಟು. ಪ್ರತಿ ಸಲ ಅದನ್ನ ಹೊರೋಕೆ ಯಾರಿಗೆ ಮನಸ್ಸು?”

ಅದಕ್ಕೇ ಕರ್ನಲ್ ಒಂದು ಉಪಾಯ ಹೂಡಿತ್ತು. ದೆವ್ವ ಬಾರದಿರಲಿ ಎಂದು ಬಾಗಿಲ ಮೇಲೆ ‘ನಾಳೆ ಬಾ’ ಬರೆಯುವಂತೆ, ಗಂಟನ್ನು ಇದ್ದಲ್ಲೇ ಬಿಟ್ಟು ಟಿ.ಎಸ್. ಅವರನ್ನು 1 ಮಾಡಿ ನಿಲ್ಲಿಸುತ್ತಿತ್ತು. ಹೊಸ ಪ್ರೋಗ್ರಾಮು ದಶಾಂಶದ ಲೆಕ್ಕಕ್ಕೆ ಕೈಹಾಕಿತೋ, 7ನೇ ನಂಬರಿನ ಎಕ್ಸೆಪ್ಷನ್ ಗಂಟೆ ಬಾರಿಸುತ್ತಿತ್ತು. ಆಗ ಕರ್ನಲ್ ಎದ್ದು ಬಂದು ಹಳೆಯ ಗಂಟು ಕಟ್ಟಿ, ಹೊಸದನ್ನು ಬಿಚ್ಚುತ್ತಿತ್ತು. ಯಾರೂ ಮುಟ್ಟದಿದ್ದರೆ ಆ ಶ್ರಮವೇ ಇಲ್ಲ. ಎಂಜಿನಿಯರುಗಳು ಇದಕ್ಕಿಟ್ಟ ಹೆಸರು ‘ಲೇಜಿ’. ಕಚೇರಿಯ ಗುಮಾಸ್ತ ಹೀಗೆ ಫೈಲು ಬಿಟ್ಟೆದ್ದಿದ್ದರೆ ಮೆಮೋ ಕೊಡುತ್ತಿದ್ದರು.

“ಮತ್ತೆ ಕೆಲಸ ಹೋಗಿದ್ದು?”

“ಕಾಲ ಕೆಟ್ಟಿತು. ಮೆಮೊರಿ ನಕಲು ಮಾಡೋಕೂ ಅದೇ ರಿಜಿಸ್ಟರು, ಗುಪ್ತಲಿಪಿಗೂ ಅದೇ. ಸರದಿ ಸರದಿಗೂ ಗಂಟೆ! ಗಂಟು ಹೊರೋದಕ್ಕಿಂತ ಗಂಟೆಗೆ ಓಗೊಡೋದೇ ದುಬಾರಿಯಾಯ್ತು. 2016ರಲ್ಲಿ, ಲಿನಕ್ಸ್ 4.6ರಿಂದ, ಎಲ್ಲ ಗಂಟನ್ನೂ ಆಗಿಂದಾಗಲೇ ಹೊರಬೇಕು ಅಂತ ಆಯ್ತು.”

ಅವಮಾನ ಬಂದದ್ದು ಆಮೇಲೆ. 2018ರ ಜೂನ್‌ನಲ್ಲಿ ‘ಲೇಜಿ ಎಫ್‌ಪಿ’ ಎಂಬ ದೋಷ ಬಯಲಾಯಿತು. ಗಂಟೆ ಬಾರಿಸುವಷ್ಟರಲ್ಲಿ ಇಂಟೆಲ್ ಕೋರ್ ಪ್ರೊಸೆಸರುಗಳು ಊಹೆಯ ಮೇಲೆ ಮುಂದಿನ ಸಾಲುಗಳನ್ನು ಓಡಿಸಿಬಿಡುತ್ತಿದ್ದವು. ಹಿಂದಿನವನು ಬಿಟ್ಟುಹೋದದ್ದರ ಸುಳಿವು ಕ್ಯಾಶ್ ಮೆಮೊರಿಯಲ್ಲಿ ಉಳಿಯುತ್ತಿತ್ತು. ಎಇಎಸ್ ಗುಪ್ತಲಿಪಿಯ ಕೀಲಿಗಳು ಇರುತ್ತಿದ್ದುದೂ ಅದೇ ಗಂಟಿನಲ್ಲಿ.

“ಗಂಟೆ ನಾನು ಹೊಡೆದೇ ಹೊಡೆದೆ,” ಎಂದರು ಟಿ.ಎಸ್. ಕಳ್ಳತನವಾದ ಮರುದಿನ ಪ್ರತಿ ಕಾವಲುಗಾರನೂ ಆಡುವ ಮಾತು. ಇವರ ಮಟ್ಟಿಗೆ ಅದು ನಿಜವೂ ಹೌದು.

ಹೊರಡುವ ಮುನ್ನ ಸಂದರ್ಶಕ ಹೊಸ ಸುದ್ದಿ ಹೇಳಿದ. ಎಎಂಎಕ್ಸ್ ಎಂಬ ಹೊಸ ರಿಜಿಸ್ಟರುಗಳು ಬಂದಿವೆ. ಅವುಗಳದೇ 8 ಕಿಲೋಬೈಟಿನ ಗಂಟು. ಲಿನಕ್ಸ್‌ನಲ್ಲಿ ಪ್ರೋಗ್ರಾಮು ಮೊದಲು ಅನುಮತಿ ಬೇಡಬೇಕು. ಮೊದಲ ಸಲ ಮುಟ್ಟಿದಾಗ ಎಕ್ಸ್‌ಎಫ್‌ಡಿ ಎಂಬಾತ ಗಂಟೆ ಹೊಡೆಯುತ್ತಾನೆ. ಗಂಟಿಡಲು ಕರ್ನಲ್ ಜಾಗ ಮಾಡುವುದು ಆಮೇಲೆಯೇ.

“ಯಾವ ಗಂಟೆ?”

“7ನೇದೇ ಸಾರ್.”

ಟಿ.ಎಸ್. ಸ್ವಲ್ಪ ಹೊತ್ತು ಸುಮ್ಮನಿದ್ದರು. “ನನ್ನ ಕಾಲದ್ದಕ್ಕೆ ಲೇಜಿ ಅಂದ್ರು. ಅವನದಕ್ಕೆ?”

“ಕರ್ನಲ್ ದಾಖಲೆಯಲ್ಲಿ ‘ಡೈನಾಮಿಕ್’ ಅಂತಿದೆ.”