ಜಾಕು ರಾಗಿಹಿಟ್ಟಿನ ಕೆಳಗಿದೆ

2023ರ ಜುಲೈನಲ್ಲಿ ಕೋಲಾರದ ಎ.ಪಿ.ಎಂ.ಸಿ.ಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ಜಿಲ್ಲೆಯಲ್ಲಿ ಕೆಲವರು ಸಾಲ ತೀರಿಸಿದರು, ಕೆಲವರು ಬೋರ್ ಕೊರೆಸಿದರು. ನಾನು ಹಳೆಯ ಮಾರುತಿ ಓಮ್ನಿ ಕೊಂಡೆ. ಕ್ಯಾಲನೂರಿನಲ್ಲಿ ನಮಗಿರುವುದು ಮುಕ್ಕಾಲು ಎಕರೆ. ಆ ವರ್ಷದ ಬೆಳೆ ನನ್ನ ಬುದ್ಧಿವಂತಿಕೆಯಿಂದಲೇ ಬಂತೆಂದು ನಾನು ನಂಬಿದ್ದೆ. ಮನೆಯಲ್ಲಿ ಬೇರೆ ಯಾರೂ ನಂಬಿರಲಿಲ್ಲ, ಯಾಕೆಂದರೆ ನಾಟಿಯಿಂದ ಕಟಾವಿನವರೆಗೆ ನೋಡಿಕೊಂಡವಳು ನನ್ನ ಹೆಂಡತಿ.

ಓಮ್ನಿ ಕೊಂಡದ್ದು ತಪ್ಪಲ್ಲ. ಕೊಂಡ ಮೇಲೆ ರಾತ್ರಿಯೆಲ್ಲ ಮೊಬೈಲಿನಲ್ಲಿ ಮೋಟಾರ್‌ಹೋಮ್ ವಿಡಿಯೊ ನೋಡಿದ್ದು ತಪ್ಪು. ಯಾವುದೋ ದೇಶದ ಪುಣ್ಯಾತ್ಮನೊಬ್ಬ ಗಾಡಿಯ ಹಿಂಬಾಗಿಲು ಎತ್ತಿ ಒಂದು ಡ್ರಾಯರ್ ಎಳೆಯುತ್ತಾನೆ. ಒಲೆ, ಸಿಂಕು, ಈರುಳ್ಳಿ ಹೆಚ್ಚುವ ಹಲಗೆ ಎಲ್ಲ ಸಾಲಾಗಿ ಹೊರಗೆ ಬರುತ್ತವೆ. ಹಿಂದೆ ಸಮುದ್ರ, ಪಕ್ಕದಲ್ಲಿ ನಾಯಿ. ನಮ್ಮಲ್ಲಿ ನಾಯಿ ಇತ್ತು. ಸಮುದ್ರದ ಬದಲು ಕೆರೆ ಸಾಕು ಅಂದುಕೊಂಡೆ.

ಕೋಲಾರದ ಕೋರ್ಟಿನ ಹತ್ತಿರ ಟೈಪಿಂಗ್ ಮಾಡುವ ನನ್ನ ಬಾಮೈದನಿಗೆ ವಿಷಯ ತಿಳಿದದ್ದೇ ತಡ, ಬೈಕು ಹತ್ತಿ ಬಂದ. "ಭಾವ, 1988ರ ಮೋಟಾರು ವಾಹನ ಕಾಯ್ದೆ, 52ನೇ ಕಲಂ. ಕಂಪನಿಯವರು ಮಾಡಿಕೊಟ್ಟ ಗಾಡೀನ ನಾವು ನಮಗೆ ಬೇಕಾದಂಗೆ ಬದಲಾಯಿಸೋ ಹಂಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳೈತೆ." ಛಾವಣಿ ಕೊಯ್ದು ಕಿಟಕಿ ಇಡಿಸುವ ನನ್ನ ಯೋಜನೆ ಅಲ್ಲಿಗೆ ಮುಗಿಯಿತು. ಸುಪ್ರೀಂ ಕೋರ್ಟಿನ ಮಾತಿಗೆ ತಲೆಬಾಗಿದೆ ಎಂದು ಊರಲ್ಲಿ ಹೇಳಿಕೊಂಡೆ. ನಿಜವೆಂದರೆ ವೆಲ್ಡಿಂಗ್ ಅಂಗಡಿಯವನು ಹೇಳಿದ ರೇಟಿಗೆ ತಲೆ ತಾನಾಗಿಯೇ ಬಾಗಿತ್ತು.

ಉಳಿದ ದಾರಿ ಒಂದೇ: ಗಾಡಿಗೆ ಒಂದು ಮೊಳೆಯನ್ನೂ ಹೊಡೆಯದೆ, ಬೇಕಾದಾಗ ಇಟ್ಟು ಬೇಡವಾದಾಗ ತೆಗೆಯುವ ಪ್ಲೈವುಡ್ ಪೆಟ್ಟಿಗೆ. ಹಿಂದಿನ ಸೀಟು ಮಡಚಿದರೆ ಓಮ್ನಿಯಲ್ಲಿ ಒಳ್ಳೆಯ ಜಾಗ. ಹಿಂಬಾಗಿಲು ಮೇಲಕ್ಕೆ ಎದ್ದು ನಿಲ್ಲುವುದರಿಂದ ನೆರಳೂ ಪುಕ್ಕಟೆ. ಆಚಾರಿಯಿಂದ ಪೆಟ್ಟಿಗೆ ಮಾಡಿಸಿ, ಡ್ರಾಯರುಗಳಿಗೆ ಸಲೀಸಾಗಿ ಜಾರುವ ಚಾನಲ್ ಹಾಕಿಸಿದೆ. ಗಾಳಿಗೆ ಒಲೆ ಆರದಿರಲೆಂದು ಎಣ್ಣೆ ಡಬ್ಬದ ತಗಡು ಕತ್ತರಿಸಿ ಮರೆ ಕಟ್ಟಿದೆ. ಅದನ್ನು ಕತ್ತರಿಸುವಾಗ ಹೆಬ್ಬೆರಳೂ ಸ್ವಲ್ಪ ಕತ್ತರಿಸಿತು, ಅದಿರಲಿ.

ಹೊರಡುವ ಮೊದಲು ಒಂದು ಟ್ರಯಲ್ ಆಗಲಿ ಎಂದು ಅಂಗಳದಲ್ಲೇ ಮುದ್ದೆ ಮಾಡಲು ನಿಂತೆ. ವಿಡಿಯೊದ ಪುಣ್ಯಾತ್ಮ ಮೊಟ್ಟೆ ಹುರಿದಿದ್ದನೇ ಹೊರತು ಮುದ್ದೆ ತಿರುವಿರಲಿಲ್ಲ. ಕುದಿಯುವ ಎಸರಿಗೆ ಹಿಟ್ಟು ಬಿದ್ದು ಬೆಂದ ಮೇಲೆ ಕೋಲಿಗೆ ಮೈಭಾರವನ್ನೆಲ್ಲ ಹಾಕಿ ತಿರುವಬೇಕು, ಇಲ್ಲದಿದ್ದರೆ ಗಂಟು. ನಾನು ಮೈಭಾರ ಹಾಕಿದೆ. ಸಲೀಸಾಗಿ ಜಾರುವ ಡ್ರಾಯರು ಪಾತ್ರೆ ಸಮೇತ ಸಲೀಸಾಗಿ ಒಳಗೆ ಹೋಯಿತು. ಎಳೆದೆ, ತಿರುವಿದೆ, ಮತ್ತೆ ಹೋಯಿತು. ಹೆಂಡತಿ ಡ್ರಾಯರು ಹಿಡಿದುಕೊಂಡಳು. ಈ ಸಲ ಇಡೀ ಗಾಡಿಯೇ ಪಟ್ಟೆಗಳ ಮೇಲೆ ಉಯ್ಯಾಲೆಯಾಡಿತು. ಪಕ್ಕದ ಮನೆಯ ಮಕ್ಕಳು ಓಡಿಬಂದು, ಗಾಡಿಗೆ ದೆವ್ವ ಹಿಡಿದಿದೆಯಾ ಅಂತ ಕೇಳಿದವು.

ಅಮ್ಮ ಜಗಲಿಯ ಮೇಲಿಂದ ಹೇಳಿದರು: "ನಿಮ್ಮ ತಾತ ಶಿವರಾತ್ರಿಗೆ ಆವನಿ ಜಾತ್ರೆಗೆ ಗಾಡಿ ಕಟ್ಟುತಿದ್ದಾಗ ಮೂರು ಕಲ್ಲು ಅಲ್ಲೇ ಹುಡುಕ್ಕೊಳ್ಳೋರು ಕಣಪ್ಪ. ಕೀಲೆಣ್ಣೆ ಗೊಟ್ಟ ಒಂದನ್ನ ಮಾತ್ರ ಗಾಡಿ ಕೆಳಗೆ ನೇತಾಕೋರು, ಕೈಗೆ ಸಿಗೋ ಹಂಗೆ."

ನಾನು ಡ್ರಾಯರಿಗೆ ಚಿಲಕ ಹಾಕಿಸಿದೆ.

ಮೊದಲ ಪ್ರವಾಸ ಕನ್ಯಾಕುಮಾರಿಗೆ ಎಂದು ಘೋಷಿಸಿದ್ದೆ. ಕುರುಡುಮಲೆ ಗಣಪತಿಗೆ ಕೈಮುಗಿಯದೆ ಎಲ್ಲಿಗೂ ಬರುವುದಿಲ್ಲ ಎಂದು ಅಮ್ಮ ಪಟ್ಟು ಹಿಡಿದರು. ಸರಿ, ಕೋಲಾರ, ಮುಳಬಾಗಿಲು, ಅಲ್ಲಿಂದ ಕುರುಡುಮಲೆ. ಹಿಂದಿನ ದಿನ ಸಾಮಾನು ಜೋಡಿಸಿದೆ. ಭಾರದ್ದು ಕೆಳಗಿದ್ದರೆ ಗಾಡಿ ತೂಗಾಡುವುದಿಲ್ಲ ಎಂದು ವಿಡಿಯೊದಲ್ಲಿ ಕಲಿತಿದ್ದೆ. ಅದರಂತೆ ಜಾಕು, ವೀಲ್ ಸ್ಪ್ಯಾನರು ಪೆಟ್ಟಿಗೆಯ ತಳಕ್ಕೆ. ಅದರ ಮೇಲೆ ಹತ್ತು ಕೆ.ಜಿ. ರಾಗಿಹಿಟ್ಟು, ಒರಳು, ಪಾತ್ರೆ. ಜೀವನದಿಯಿಲ್ಲದ ಜಿಲ್ಲೆಯಲ್ಲಿ ಹುಟ್ಟಿದವರಿಗೆ ನೀರು ಹೊರುವುದನ್ನು ಯಾರೂ ಹೇಳಿಕೊಡಬೇಕಿಲ್ಲ: ಇಪ್ಪತ್ತು ಲೀಟರಿನ ಮೂರು ಕ್ಯಾನು. ಐದು ಕೆ.ಜಿ.ಯ ಸಣ್ಣ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಹಗ್ಗದಲ್ಲಿ ಬಿಗಿದೆ. ಸುರಕ್ಷತೆಗೆಂದು ರೆಗ್ಯುಲೇಟರ್ ಬಿಚ್ಚಿದೆ.

ಓಮ್ನಿಯ ಒಂದು ಗುಟ್ಟನ್ನು ಇಲ್ಲಿ ಹೇಳಬೇಕು. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು 2019ರವರೆಗೆ ತಯಾರಾದ ಈ ಗಾಡಿಯ 796 ಸಿಸಿ ಎಂಜಿನ್ ಇರುವುದು ಮೂತಿಯಲ್ಲಲ್ಲ, ಮುಂದಿನ ಸೀಟಿನ ಕೆಳಗೆ. ಎಂಜಿನ್ ನೋಡಬೇಕೆಂದರೆ ಮೊದಲು ಅದರ ಮೇಲೆ ಕೂತವರನ್ನು ಎಬ್ಬಿಸಬೇಕು. ನಮ್ಮ ಗಾಡಿಯಲ್ಲಿ ಅಲ್ಲಿ ಕೂತವರು ಅಮ್ಮ. ಅವರ ಪಕ್ಕದ ಸಂದಿಯಲ್ಲಿ, ಸಂಜೆಗೆ ದೋಸೆ ಹುಯ್ಯಲೆಂದು ಹೆಂಡತಿ ರುಬ್ಬಿ ತಂದ ಹಿಟ್ಟಿನ ಡಬ್ಬ.

ಕೋಲಾರ ದಾಟಿ ಹೆದ್ದಾರಿ ಹಿಡಿದೆವು. ಮುಳಬಾಗಿಲು ಬಿಟ್ಟು ಕುರುಡುಮಲೆ ರಸ್ತೆಗೆ ತಿರುಗಿದಾಗ ಸುಟ್ಟ ವಾಸನೆ. "ಕ್ಲಚ್ ಪ್ಲೇಟು ಹೋಯ್ತು," ಎಂದು ಗಂಭೀರವಾಗಿ ಹೇಳಿ ಮಾವಿನ ತೋಪಿನ ಪಕ್ಕ ನಿಲ್ಲಿಸಿದೆ. ಹೆಂಡತಿ ಮೂಗು ಅರಳಿಸಿ, "ಕ್ಲಚ್ಚಿಗೆ ಮೆಂತ್ಯ ಹಾಕ್ತಾರಾ?" ಅಂದಳು. ಅಮ್ಮನನ್ನು ಇಳಿಸಿ ಸೀಟು ಎತ್ತಿದರೆ ಸತ್ಯ ಗೊತ್ತಾಯಿತು. ಎಂಜಿನ್ ಕಾವಿಗೆ ಹಿಟ್ಟು ಎರಡೇ ಗಂಟೆಯಲ್ಲಿ ಹುದುಗಿ ಮುಚ್ಚಳ ನೂಕಿ, ಸೀಟಿನ ಸಂದಿಯಿಂದ ಇಳಿದು, ಬಿಸಿ ಲೋಹದ ಮೇಲೆ ಕೆಂಪಗೆ ಬೆಂದಿತ್ತು. ದಪ್ಪಗೆ, ಅಂಚಿನಲ್ಲಿ ಗರಿಗರಿ. ಮುಳಬಾಗಿಲು ದೋಸೆಗೆ ಬೇಕಾದದ್ದರಲ್ಲಿ ತುಪ್ಪವೊಂದು ಕಡಿಮೆ.

ದೋಸೆ ಕೆರೆದು ತೆಗೆದು ಹೊರಡೋಣವೆಂದರೆ ಹಿಂದಿನ ಎಡಚಕ್ರ ಕೂತಿತ್ತು. ಜಾಲಿಮುಳ್ಳು. ಪಂಕ್ಚರಿಗೆ ನಾನು ಹೆದರುವವನಲ್ಲ, ಕ್ರಮ ಬಾಯಿಪಾಠವಿದೆ: ಹ್ಯಾಂಡ್‌ಬ್ರೇಕ್ ಎಳೆ, ಎದುರು ಚಕ್ರಕ್ಕೆ ಕಲ್ಲು ಕೊಡು, ಚಕ್ರ ನೆಲದ ಮೇಲಿರುವಾಗಲೇ ನಾಲ್ಕೂ ನಟ್ಟು ಸಡಿಲಿಸು, ಆಮೇಲೆ ಜಾಕು.

ಜಾಕು ರಾಗಿಹಿಟ್ಟಿನ ಕೆಳಗಿತ್ತು.

ಪೆಟ್ಟಿಗೆ ಬರಿದಾಗುವವರೆಗೆ ಒಂದೊಂದೇ ಸಾಮಾನು ರಸ್ತೆಬದಿಗೆ ಬಂತು. ಒರಳು, ಕುಕ್ಕರು, ತಟ್ಟೆಗಳು, ಮೂರು ಕ್ಯಾನು, ಸೊಪ್ಪಿನ ಕಟ್ಟು. ಚಿಲಕ ಬೇರೆ ಸಿಕ್ಕಿಹಾಕಿಕೊಂಡಿತು. ಕೊನೆಗೆ ಹಿಟ್ಟಿನ ಚೀಲ ಒಡೆದು, ನಾನು ಬಿಳಿ ಅಂಗಿಯ ರಾಗಿಮನುಷ್ಯನಾಗಿ ಜಾಕಿನೊಂದಿಗೆ ಹೊರಬಂದೆ. ಮೆತ್ತನೆ ಮಣ್ಣಿನಲ್ಲಿ ಜಾಕು ಗಾಡಿಯನ್ನು ಎತ್ತುವ ಬದಲು ತಾನೇ ಇಳಿಯಿತು. ಅದರ ಕೆಳಗೆ ಕೊಡಲು ಈರುಳ್ಳಿ ಹೆಚ್ಚುವ ಹಲಗೆ ಬಂತು. ಇಡೀ ಪೆಟ್ಟಿಗೆಯಲ್ಲಿ ಉಪಯೋಗಕ್ಕೆ ಬಂದ ಭಾಗ ಅದೊಂದೇ.

ಸಾಮಾನೆಲ್ಲ ಹೇಗೂ ಹೊರಗಿದೆ, ಊಟ ಇಲ್ಲೇ ಆಗಲಿ ಅಂದರು ಅಮ್ಮ. ಗ್ಯಾಸ್ ಹಚ್ಚಲು ಹೋದೆ. ಸುರಕ್ಷತೆಗೆಂದು ಬಿಚ್ಚಿದ ರೆಗ್ಯುಲೇಟರ್ ಕ್ಯಾಲನೂರಿನ ಮನೆಯ ಮೊಳೆಗೆ ಸುರಕ್ಷಿತವಾಗಿ ನೇತಾಡುತ್ತಿತ್ತು. ಅಮ್ಮ ಮಾತಾಡಲಿಲ್ಲ. ಮೂರು ಕಲ್ಲು ತಂದರು, ಒಣಪುಳ್ಳೆ ಆಯ್ದರು. ಅರ್ಧ ಗಂಟೆಯಲ್ಲಿ ಎಸರು ಕುದಿಯಿತು. ಪಾತ್ರೆ ನೆಲಕ್ಕಿಳಿಸಿ ಕಾಲಲ್ಲಿ ಒತ್ತಿಹಿಡಿದು ತಿರುವಿದರು. ಒಂದು ಗಂಟಿಲ್ಲ.

ಮಸ್ಸೊಪ್ಪಿನ ಒಗ್ಗರಣೆ ಬೀಳುವ ಹೊತ್ತಿಗೆ ಒಂದು ಟ್ರ್ಯಾಕ್ಟರ್ ನಿಂತಿತು. "ಏಮೈಂದನ್ನಾ?" ಎನ್ನುತ್ತ ಇಳಿದ ಡ್ರೈವರು ನನ್ನ ಕೈಯಿಂದ ಸ್ಪ್ಯಾನರ್ ಕಸಿದು, ಸ್ಟೆಪ್ನಿ ಏರಿಸಿ, ಎದುರುಬದುರು ನಟ್ಟು ಬಿಗಿದು ಮುಗಿಸಿದ. ಹಿಂದೆ ಬಂದ ಟೆಂಪೊದವರು ಸಾಲು ತಟ್ಟೆ, ಹೊಗೆ, ಕ್ಯಾನು ನೋಡಿ ನೇರವಾಗಿ ನನ್ನ ಬಳಿ ಬಂದರು. "ಊಟ ಎಷ್ಟಣ್ಣ? ಎರಡನೇ ಮುದ್ದೆಗೆ ಬೇರೆ ಕಾಸಾ?"

ಆರು ಮಂದಿ ಉಂಡರು. ಅಮ್ಮ ಕಾಸು ಮುಟ್ಟಲಿಲ್ಲ. ಗಣಪತಿಯ ದರ್ಶನ ಸಂಜೆ ಆಯಿತು. ಕನ್ಯಾಕುಮಾರಿ ಇನ್ನೂ ಅಲ್ಲೇ ಇದೆ.

ಈಗ ಜಾಕು, ಸ್ಪ್ಯಾನರು ಹಿಂಬಾಗಿಲು ಎತ್ತಿದೊಡನೆ ಕೈಗೆ ಸಿಗುವ ಹಾಗೆ ಹಗ್ಗದಲ್ಲಿ ನೇತಾಡುತ್ತಿವೆ. ಕಟ್ಟಿದವರು ಅಮ್ಮ. ಪ್ಲೈವುಡ್ ಅಡುಗೆಪೆಟ್ಟಿಗೆ ಅಂಗಳದಲ್ಲಿದೆ, ಚಾನಲ್ಲುಗಳು ಹೊಸದರಂತಿವೆ, ಬೇಕಾದವರು ಕ್ಯಾಲನೂರಿಗೆ ಬಂದು ಪುಕ್ಕಟೆ ಒಯ್ಯಬಹುದು. ಎರಡನೇ ಡ್ರಾಯರಿನಲ್ಲಿ ನಿನ್ನೆ ಕೋಳಿ ಕಾವಿಗೆ ಕೂತಿದೆ. ಇಪ್ಪತ್ತೊಂದು ದಿನ ಬಿಟ್ಟು ಬನ್ನಿ.